“ಮನೆಯಲ್ಲೇ ಇರುತ್ತಾಳಲ್ಲ”: ಆನ್‌ಲೈನ್ ಪದವಿ ಸೇರಿದ ಸೊಸೆಯೊಬ್ಬಳ ಪ್ರಕರಣ

ಆನ್‌ಲೈನ್ ಪದವಿಯ ಮೊದಲ ಸೆಮಿಸ್ಟರಿನಲ್ಲೇ ಎಡವಿದವರನ್ನು ಕರೆದುಕೊಂಡು ಮನೆಯವರು ಶಿವಮೊಗ್ಗಕ್ಕೆ, ಆಪ್ತಸಲಹೆಗಾರ್ತಿಯಾದ ನನ್ನ ಬಳಿಗೆ, ಬರುವುದು ಈಚೆಗೆ ಹೆಚ್ಚಾಗಿದೆ. ಹೊಸನಗರ, ತೀರ್ಥಹಳ್ಳಿ, ಸಾಗರದ ಕಡೆಯವರೇ ಹೆಚ್ಚು. ಊರು ಬೇರೆ, ಕೋರ್ಸು ಬೇರೆ, ದೂರು ಮಾತ್ರ ಒಂದೇ: ಇಡೀ ದಿನ ಮೊಬೈಲಿನಲ್ಲಿ ಪಾಠ ಕೇಳುತ್ತಾರೆ, ಪರೀಕ್ಷೆಯಲ್ಲಿ ಮಾತ್ರ ಅನುತ್ತೀರ್ಣ. ಇಲ್ಲಿ ಬರೆಯುತ್ತಿರುವುದು ಅಂಥದ್ದೇ ಒಂದು ಪ್ರಕರಣ. ಕುಟುಂಬದ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ನಾನು ಕೊಟ್ಟ ಸಲಹೆಗೆ ನಮ್ಮ ವೃತ್ತಿಯವರೇ ಕೆಲವರು ತಕರಾರು ಎತ್ತಿದರು. ಆದ್ದರಿಂದ ಏಕೆ ಹಾಗೆ ಹೇಳಿದೆ ಎಂಬುದನ್ನೂ ಹೇಳಬೇಕಾಗಿದೆ.

ಆಕೆಗೆ ಇಪ್ಪತ್ತಮೂರು ವರ್ಷ. ಪಿಯುಸಿ ಮುಗಿಸಿ ಮದುವೆಯಾಗಿ ಮಲೆನಾಡಿನ ಒಂದು ಅಡಿಕೆ ತೋಟದ ಮನೆಗೆ ಬಂದವಳು. ಮದುವೆಗೆ ಮುಂಚೆಯೇ ಓದು ಮುಂದುವರಿಸುವ ಮಾತಾಗಿತ್ತು. ಗಂಡ ಆ ಮಾತು ಉಳಿಸಿಕೊಂಡು, ಜುಲೈಯಲ್ಲಿ ಹೊರ ರಾಜ್ಯದ ವಿಶ್ವವಿದ್ಯಾಲಯವೊಂದರ ಆನ್‌ಲೈನ್ ಬಿ.ಕಾಂ.ಗೆ ಶುಲ್ಕ ಕಟ್ಟಿದ. ಐದು ವಿಷಯಗಳಲ್ಲಿ ಮೂರು ಹೋದವು. ಆಕೆಯನ್ನು ನನ್ನ ಬಳಿ ಕರೆತಂದವರು ಅತ್ತೆ. “ಇವಳಿಗೆ ಮೊಬೈಲಿನ ಗೀಳು ಹತ್ತಿದೆ ಮೇಡಂ, ಬಿಡಿಸಿಕೊಡಿ” ಎಂಬುದು ಅವರ ಕೋರಿಕೆ.

ಮೊದಲ ಭೇಟಿಯಲ್ಲಿ ಸೊಸೆಯೊಬ್ಬಳನ್ನೇ ಕೂರಿಸಿಕೊಂಡು ಮಾತನಾಡಿದೆ. ಗೀಳಿನ ಲಕ್ಷಣ ಯಾವುದೂ ಕಾಣಲಿಲ್ಲ. ಆಕೆ ಫೋನು ತೆರೆದು ತನ್ನ ಕೋರ್ಸಿನ ಪುಟ ತೋರಿಸಿದಳು. ಪ್ರತಿ ಪಾಠದ ಎದುರಿಗೂ ಹಸಿರು ಗುರುತು ಬಿದ್ದಿತ್ತು. “ಒಂದನ್ನೂ ಬಿಟ್ಟಿಲ್ಲ ಮೇಡಂ, ಎಲ್ಲ ನೋಡಿದ್ದೇನೆ. ಆದರೂ ಏಕೆ ಹೀಗಾಯಿತೋ ಗೊತ್ತಾಗುತ್ತಿಲ್ಲ” ಎಂದು ಕಣ್ಣೀರು ತುಂಬಿಕೊಂಡಳು. ಹೇಗೆ ನೋಡುತ್ತಿದ್ದೆ ಎಂದು ಕೇಳಿದೆ. ದೋಸೆ ಹೊಯ್ಯುವಾಗ, ಬಟ್ಟೆ ಒಗೆಯುವಾಗ, ಕೊಯ್ಲಿನ ದಿನಗಳಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು ರಾತ್ರಿ ಅಡಿಕೆ ಸುಲಿಯುವಾಗ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಬೇಗ ಮುಗಿಯಲೆಂದು ಒಂದೂವರೆ ಪಟ್ಟು ವೇಗದಲ್ಲಿ. ಸುಲಿತದ ಕೈಗೆ ಪೆನ್ನು ಹಿಡಿಯುವುದಾದರೂ ಹೇಗೆ?

ಒಂದು ಹಾಳೆ ಕೊಟ್ಟೆ. “ತೋಟಕ್ಕೆ ಹತ್ತು ಸಾವಿರ ರೂಪಾಯಿಯ ಗೊಬ್ಬರ ಸಾಲಕ್ಕೆ ತಂದಿರಿ. ಇದನ್ನು ಜರ್ನಲ್‌ನಲ್ಲಿ, ಅಂದರೆ ದಿನದ ವ್ಯವಹಾರದ ಪುಸ್ತಕದಲ್ಲಿ ಬರೆಯುವಂತೆ, ಬರೆದು ತೋರಿಸಿ” ಎಂದೆ. ಲೆಕ್ಕಶಾಸ್ತ್ರದ ಮೊದಲ ಪಾಠಗಳಲ್ಲೇ ಬರುವ ವಿಷಯ. ಯಾವ ಖಾತೆಗೆ ಡೆಬಿಟ್, ಯಾವುದಕ್ಕೆ ಕ್ರೆಡಿಟ್ ಎಂದು ಆಕೆಗೆ ತೋಚಲಿಲ್ಲ. ಪಾಠದ ಮೇಷ್ಟ್ರ ದನಿ, ಹಲಗೆಯ ಬಣ್ಣ, ಅವರು ಕೊಟ್ಟ ಉದಾಹರಣೆ ಎಲ್ಲ ನೆನಪಿತ್ತು. ಕೈಯಲ್ಲಿ ಮಾತ್ರ ಏನೂ ಇರಲಿಲ್ಲ. ವೀಡಿಯೊ ಕೊನೆಯವರೆಗೆ ಓಡಿದೆ ಎಂದಷ್ಟೇ ಹಸಿರು ಗುರುತು ಹೇಳುತ್ತದೆ. ಎದುರಿಗೆ ಕುಳಿತವಳಿಗೆ ಅರ್ಥವಾಯಿತೇ ಇಲ್ಲವೇ ಎಂದು ಅದಕ್ಕೆ ತಿಳಿಯುವುದಿಲ್ಲ. ತರಗತಿಯಲ್ಲಾದರೆ ಹುಡುಗಿಯ ಮುಖ ನೋಡಿ ಮೇಷ್ಟ್ರು ಮತ್ತೊಮ್ಮೆ ಹೇಳುತ್ತಾರೆ. ಇಲ್ಲಿ ಆ ಮುಖವನ್ನು ನೋಡುವವರಿಲ್ಲ. ಹಾಗಾಗಿ ಹದಿನೈದು ನಿಮಿಷಕ್ಕೊಮ್ಮೆ ವೀಡಿಯೊ ನಿಲ್ಲಿಸಿ, ಪರದೆ ಮುಚ್ಚಿ, ಕೇಳಿದ್ದನ್ನು ನೋಟುಬುಕ್ಕಿನಲ್ಲಿ ಬರೆದು ನೋಡುವ ಕೆಲಸವನ್ನು ವಿದ್ಯಾರ್ಥಿಯೇ ಮಾಡಿಕೊಳ್ಳಬೇಕು. ಬರೆಯಲಾಗದಿದ್ದರೆ ಪಾಠ ಆಗಿಲ್ಲ ಎಂದೇ ಲೆಕ್ಕ.

ಇಷ್ಟನ್ನೇ ಹೇಳಿ ಕಳಿಸಿದ್ದರೆ ಏನೂ ಬದಲಾಗುತ್ತಿರಲಿಲ್ಲ. ಆಕೆಗೆ ಕುಳಿತು ಬರೆಯುವ ಹೊತ್ತೇ ಇರಲಿಲ್ಲ. ಆದ್ದರಿಂದ ಮುಂದಿನ ಸಲ ಅತ್ತೆಯೂ ಒಳಗೆ ಕೂರಲಿ ಎಂದೆ.

ಅಂದು ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅತ್ತೆ ಬರುವಾಗಲೇ ಸಿಟ್ಟಿನಲ್ಲಿದ್ದರು. “ಕಾಲೇಜಿಗೆ ಹೋಗುವ ಮಗುವಾದರೆ ಬೆಳಗಿನ ಬಸ್ಸಿಗೆ ಬುತ್ತಿ ಕಟ್ಟಿ ಕಳಿಸುತ್ತಿದ್ದೆ. ಇವಳು ಮನೆಯಲ್ಲೇ ಇರುತ್ತಾಳಲ್ಲ. ಮನೆಯಲ್ಲಿರುವವಳನ್ನು ಒಂದು ಕೆಲಸಕ್ಕೂ ಕರೆಯಬಾರದು ಎಂದರೆ ಹೇಗೆ ಮೇಡಂ?” ಎಂದರು. ಅದರಲ್ಲಿ ಕೇಡಿನ ಭಾವ ಇರಲಿಲ್ಲ. ಅವರು ಕಂಡಂತೆ ಓದುವವರು ಬಸ್ಸು ಹತ್ತುತ್ತಾರೆ, ಮನೆಯಲ್ಲಿ ಉಳಿದವರು ದುಡಿಯುತ್ತಾರೆ. ಸೊಸೆ ಬಸ್ಸು ಹತ್ತುತ್ತಿರಲಿಲ್ಲ.

ನಾನು ವಾದಕ್ಕೆ ಇಳಿಯಲಿಲ್ಲ. ಸೊಸೆಯ ಕೈಗೆ ಪೆನ್ನು ಕೊಟ್ಟು, ಓದಿಗೆ ಎಷ್ಟು ಗಂಟೆ ಬೇಕು ಎಂಬ ಲೆಕ್ಕ ಬರೆಸಿದೆ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ 1985ರಲ್ಲಿ ಶುರುವಾದದ್ದು. ಮನೆಯಿಂದ ಓದುವವರಿಗೆ ಪಾಠ ಕಲಿಸುವುದರಲ್ಲಿ ಅದಕ್ಕಿರುವಷ್ಟು ಅನುಭವ ನಮ್ಮ ದೇಶದಲ್ಲಿ ಕೆಲವೇ ಸಂಸ್ಥೆಗಳಿಗಿದೆ. ಕೋರ್ಸಿನ ಭಾರವನ್ನು ಕ್ರೆಡಿಟ್‌ಗಳಲ್ಲಿ ಅಳೆಯುತ್ತಾರೆ; ಒಂದು ಕ್ರೆಡಿಟ್ ಎಂದರೆ ಓದು, ಕೇಳು, ಬರೆ, ಅಸೈನ್‌ಮೆಂಟ್ ಮಾಡು ಎಲ್ಲ ಸೇರಿ 30 ಗಂಟೆಯ ಕಲಿಕೆ ಎನ್ನುತ್ತದೆ ಅದರ ಕೈಪಿಡಿ. ಯಾವ ವಿಶ್ವವಿದ್ಯಾಲಯದ ವಿದ್ಯಾರ್ಥಿ ಬಂದರೂ ನಾನು ಇದೇ ಅಳತೆ ಹಿಡಿಯುತ್ತೇನೆ. ಈ ಹುಡುಗಿಗೆ ಐದು ವಿಷಯ, ತಲಾ ನಾಲ್ಕು ಕ್ರೆಡಿಟ್. ಇಪ್ಪತ್ತು ಕ್ರೆಡಿಟ್ಟಿಗೆ 600 ಗಂಟೆ. ಸೆಮಿಸ್ಟರಿಗೆ ಇಪ್ಪತ್ತು ವಾರ ಸಿಕ್ಕರೂ ವಾರಕ್ಕೆ 30 ಗಂಟೆ ಬೇಕು. ಭಾನುವಾರ ಬಿಟ್ಟರೆ ದಿನಕ್ಕೆ ಐದು ಗಂಟೆ.

ಅತ್ತೆ ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡು ನೋಡಿದರು. ಕೊಯ್ಲಿನ ಕಾಲದಲ್ಲಿ ಆಳುಗಳ ಲೆಕ್ಕ ಬರೆಯುವುದು ಅವರೇ ಎಂದು ನನಗೆ ಆಮೇಲೆ ತಿಳಿಯಿತು. “ದಿನಕ್ಕೆ ಐದು ಗಂಟೆ ಎಂದರೆ ಅರ್ಧ ಆಳಿಗಿಂತ ಜಾಸ್ತಿಯಾಯಿತಲ್ಲ” ಎಂದರು. ಸ್ವಲ್ಪ ತಡೆದು ಸೊಸೆಯ ಕಡೆ ತಿರುಗಿ, “ಇಷ್ಟು ಕೆಲಸ ಇದೆ ಎಂದು ನೀನು ನನಗೆ ಯಾವಾಗ ಹೇಳಿದೆ?” ಎಂದು ಕೇಳಿದರು.

“ನನಗೇ ಗೊತ್ತಿರಲಿಲ್ಲ ಅತ್ತೆ. ಬಿಡುವಾದಾಗ ಮೊಬೈಲಿನಲ್ಲಿ ನೋಡಿಕೊಂಡರೆ ಸಾಕು ಎಂದು ಹೇಳಿದ್ದರು” ಎಂದಳು ಸೊಸೆ.

ಹಾಗೆ ಹೇಳಿದ್ದು ಶುಲ್ಕ ಕಟ್ಟಿಸಿಕೊಂಡ ಮಧ್ಯವರ್ತಿ. ಇಂಥವರ ಬಗ್ಗೆ ನನಗೆ ಸಿಟ್ಟಿದೆ, ಅದನ್ನು ಮುಚ್ಚಿಡುವುದಿಲ್ಲ. ಆನ್‌ಲೈನ್ ಮತ್ತು ದೂರಶಿಕ್ಷಣದ ಕೋರ್ಸುಗಳನ್ನು ಫ್ರಾಂಚೈಸಿ ಕೊಟ್ಟು, ಅಂದರೆ ಹೊರಗಿನವರಿಗೆ ವಹಿಸಿ, ನಡೆಸಲು ವಿಶ್ವವಿದ್ಯಾಲಯ ಅನುದಾನ ಆಯೋಗದ ನಿಯಮ ಒಪ್ಪುವುದಿಲ್ಲ. ಸೇರುವವರು ಆಯೋಗದ ದೂರಶಿಕ್ಷಣ ಬ್ಯೂರೋದ ಜಾಲತಾಣದಲ್ಲಿ ವಿಶ್ವವಿದ್ಯಾಲಯದ ಹೆಸರು, ಕೋರ್ಸಿನ ಹೆಸರು, ಆ ವರ್ಷದ ಅನುಮತಿ ಮೂರನ್ನೂ ನೋಡಿ, ವಿಶ್ವವಿದ್ಯಾಲಯದ ಪುಟದಲ್ಲೇ ನೇರವಾಗಿ ಶುಲ್ಕ ಕಟ್ಟಬೇಕು. ವಿಶ್ವವಿದ್ಯಾಲಯಕ್ಕೆ ಅನುಮತಿ ಇದೆ ಎಂದರೆ ಅದರ ಎಲ್ಲ ಕೋರ್ಸುಗಳಿಗೂ ಇದೆ ಎಂದಲ್ಲ. ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್‌ನಂಥ ಪದವಿಗಳನ್ನು ಆನ್‌ಲೈನಿನಲ್ಲಿ ಕೊಡುತ್ತೇವೆ ಎನ್ನುವವರನ್ನು ಬಾಗಿಲಲ್ಲೇ ಕಳಿಸಿಬಿಡಿ. ಈ ಹುಡುಗಿಯ ಪುಣ್ಯಕ್ಕೆ ಅವಳ ಕೋರ್ಸಿಗೆ ಅನುಮತಿ ಇತ್ತು.

ಆ ದಿನ ನಾನು ಕೊಟ್ಟ ಸಲಹೆಯಲ್ಲಿ ಹೆಚ್ಚಿನ ಪಾಲು ಅತ್ತೆಗೇ ಹೋಯಿತು. ಬೆಳಗಿನ ತಿಂಡಿ ಮುಗಿದ ಮೇಲೆ ಹತ್ತರಿಂದ ಹನ್ನೆರಡೂವರೆ, ಮತ್ತೆ ಮಧ್ಯಾಹ್ನ ಎರಡೂವರೆಯಿಂದ ಐದು, ಇವು ಕಾಲೇಜಿನ ಹೊತ್ತು. ಆ ಹೊತ್ತಿನಲ್ಲಿ ನೆಂಟರು ಬಂದರೆ ಕಾಫಿ ಮಾಡುವುದು ಬೇರೆಯವರು. ಉಪ್ಪರಿಗೆಯ ಕೋಣೆಯಲ್ಲಿ ಒಂದು ಮೇಜು, ಒಂದು ಕುರ್ಚಿ ಹಾಕಿ. ಕೊಯ್ಲಿನ ಕಾಲಕ್ಕೆ ಸುಲಿಯಲು ಇನ್ನೊಬ್ಬರನ್ನು ಕೂಲಿಗೆ ಕರೆಯಿರಿ, ಆ ಕೂಲಿಯನ್ನು ಕಾಲೇಜಿನ ಶುಲ್ಕದ ಜೊತೆಗೇ ಬರೆದುಕೊಳ್ಳಿ ಎಂದೆ. ಸೊಸೆಗೆ ಹೇಳಿದ್ದು: ಬರುವ ಸೆಮಿಸ್ಟರಿನಲ್ಲಿ ಉಳಿಸಿಕೊಂಡ ಮೂರನ್ನೂ ಹೊಸ ಐದನ್ನೂ ಒಟ್ಟಿಗೆ ಮೈಮೇಲೆ ಎಳೆದುಕೊಳ್ಳಬೇಡ. ವಿಶ್ವವಿದ್ಯಾಲಯ ಒಪ್ಪಿದರೆ ಹೊಸ ವಿಷಯ ಮೂರು, ಹಳೆಯದು ಎರಡು.

ತಕರಾರು ಬಂದದ್ದು ಇಲ್ಲಿಗೆ. ಆಪ್ತಸಲಹೆಗಾರರು ಮನಸ್ಸಿನ ವಿಷಯ ನೋಡಬೇಕು, ಒಂದು ಮನೆಯ ಕೂಲಿ ಖರ್ಚನ್ನು ನಿಗದಿ ಮಾಡುವುದು ನಮ್ಮ ಕೆಲಸವಲ್ಲ ಎಂದರು ಒಬ್ಬ ಹಿರಿಯರು. ನಾನು ಇದನ್ನು ಒಪ್ಪುವುದಿಲ್ಲ. ಆ ಹುಡುಗಿ ತಾನು ದಡ್ಡಿ ಎಂದು ನಂಬಲು ಶುರುಮಾಡಿದ್ದಳು, ರಾತ್ರಿ ನಿದ್ದೆ ಬಿಟ್ಟಿದ್ದಳು. ವಾರಕ್ಕೆ 30 ಗಂಟೆ ಕೊರತೆಯಿರುವವಳಿಗೆ ಆತ್ಮವಿಶ್ವಾಸದ ಪಾಠ ಹೇಳಿ ಕಳಿಸಿದರೆ, ಮುಂದಿನ ಸಲ ಅನುತ್ತೀರ್ಣಳಾದಾಗ ಅದೂ ತನ್ನದೇ ದೋಷ ಎಂದುಕೊಳ್ಳುತ್ತಾಳೆ. ಅವಳ ಸಂಕಟದ ಬೇರು ಮನೆಯ ದಿನಚರಿಯಲ್ಲಿತ್ತು. ದಿನಚರಿಯನ್ನು ಬದಲಿಸಬಲ್ಲವರು ಅತ್ತೆ.

ಇಷ್ಟೆಲ್ಲ ಮಾಡುವ ಬದಲು ಶಿವಮೊಗ್ಗದಲ್ಲಿ ಹಾಸ್ಟೆಲಿಗೆ ಸೇರಿಸಿ ಕಾಲೇಜಿಗೇ ಕಳಿಸಿ ಎನ್ನಬಹುದಿತ್ತಲ್ಲ ಎಂದವರೂ ಇದ್ದಾರೆ. ಆ ಹುಡುಗಿಗೆ ಮನೆ ಬಿಟ್ಟು ಬರುವ ಮನಸ್ಸಿರಲಿಲ್ಲ, ಅವಳನ್ನು ಕೇಳಿದ್ದೇನೆ. ಮಾನ್ಯತೆ ಪಡೆದ ಸಂಸ್ಥೆಯ ಆನ್‌ಲೈನ್ ಪದವಿ ತರಗತಿಯ ಪದವಿಗೆ ಸಮಾನ ಎಂದು ಆಯೋಗದ 2020ರ ನಿಯಮಾವಳಿಯಲ್ಲೇ ಇದೆ. 2022ರಲ್ಲಿ ಆಯೋಗ ಅದನ್ನು ಮತ್ತೊಮ್ಮೆ ಸ್ಪಷ್ಟಪಡಿಸಿತು. ಮದುವೆಯಾದವರು, ತೋಟ ನೋಡಿಕೊಳ್ಳುವವರು, ಮನೆಯಲ್ಲಿ ಕಾಯಿಲೆಯವರನ್ನು ಇಟ್ಟುಕೊಂಡವರು, ಬಸ್ಸಿಲ್ಲದ ಊರಿನವರು ಇವರಿಗೆಲ್ಲ ಅದು ನಿಜವಾದ ಬಾಗಿಲು. ಆ ಬಾಗಿಲನ್ನು ಹಗುರವಾಗಿ ನೋಡುವುದು ನನಗೆ ಸಹಿಸದು.

ಮಳೆ ಮತ್ತು ಕರೆಂಟಿನ ವಿಷಯ ಮಲೆನಾಡಿನವರಿಗೆ ಬೇರೆಯೇ ಹೇಳಬೇಕು. ಮೂರರಲ್ಲಿ ಒಂದು ವಿಷಯ ಈ ಹುಡುಗಿಯ ಕೈತಪ್ಪಿದ್ದು ಆಗಸ್ಟಿನ ಒಂದು ವಾರದಿಂದ. ಮರ ಬಿದ್ದು ಲೈನು ಹೋಯಿತು, ಕರೆಂಟಿಲ್ಲದೆ ಟವರೂ ಸತ್ತಿತು, ಎರಡು ಅಸೈನ್‌ಮೆಂಟಿನ ಕೊನೆಯ ದಿನ ಆ ವಾರದಲ್ಲೇ ಇತ್ತು. ಆನ್‌ಲೈನ್ ಪದವಿಯಲ್ಲಿ ಸೆಮಿಸ್ಟರಿನ ನಡುವಿನ ಮೌಲ್ಯಮಾಪನಕ್ಕೆ ಶೇ. 30ರವರೆಗೆ ಅಂಕ, ಉಳಿದದ್ದು ಕೊನೆಯ ಪರೀಕ್ಷೆಗೆ. ಈ ಮೂವತ್ತನ್ನು ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ. ಶಿವಮೊಗ್ಗದ ಎಂಜಿನಿಯರಿಂಗ್ ಹುಡುಗರು ಐಐಟಿಗಳು ನಡೆಸುವ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಕೋರ್ಸುಗಳಲ್ಲಿ ಮುಗ್ಗರಿಸುವುದೂ ಹೀಗೆಯೇ. ಅಲ್ಲಿ ವಾರವಾರದ ಅಸೈನ್‌ಮೆಂಟಿಗೆ 25 ಅಂಕ, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. ಪ್ರಮಾಣಪತ್ರ ಬೇಕಾದರೆ ಮೊದಲನೆಯದರಲ್ಲಿ ಕನಿಷ್ಠ 10, ಎರಡನೆಯದರಲ್ಲಿ ಕನಿಷ್ಠ 30 ಬರಲೇಬೇಕು. ಪರೀಕ್ಷೆ ಚೆನ್ನಾಗಿ ಬರೆದರೂ ಅಸೈನ್‌ಮೆಂಟ್ ಬಿಟ್ಟವರಿಗೆ ಪ್ರಮಾಣಪತ್ರ ಸಿಗದು. ಅದಕ್ಕೇ ನಾನು ಜೂನಿನಿಂದ ಸೆಪ್ಟೆಂಬರ್‌ವರೆಗೆ ಹೇಳುವುದು: ಕರೆಂಟಿದ್ದ ದಿನವೇ ವಾರದ ಪಾಠಗಳನ್ನು ಇಳಿಸಿಟ್ಟುಕೊಳ್ಳಿ, ಕೊನೆಯ ದಿನಕ್ಕಿಂತ ನಾಲ್ಕು ದಿನ ಮುಂಚೆ ಸಲ್ಲಿಸಿ, ನೆಟ್‌ವರ್ಕ್ ಹೋದರೆ ಪೇಟೆಗೆ ಬಂದಾದರೂ ಬೋಧಕರಿಗೆ ಅದೇ ದಿನ ಇಮೇಲ್ ಬರೆಯಿರಿ. ವಾರ ಕಳೆದ ಮೇಲೆ ಬರೆದ ಇಮೇಲನ್ನು ನೆಪ ಎಂದುಕೊಂಡರೆ ಅವರನ್ನು ದೂರುವಂತಿಲ್ಲ. ಬೆಂಗಳೂರಿನಲ್ಲೋ ಬೇರೆ ರಾಜ್ಯದಲ್ಲೋ ಕುಳಿತವರಿಗೆ ಹೊಸನಗರದ ಮಳೆ ತಾನಾಗಿ ತಿಳಿಯುವುದಿಲ್ಲ.

ಮನೆಯಿಂದಲೇ ಪರೀಕ್ಷೆ ಬರೆಯುವ ವ್ಯವಸ್ಥೆ ಇದ್ದರೆ ಅದಕ್ಕೂ ಮನೆಯವರನ್ನು ಸಿದ್ಧಪಡಿಸಬೇಕು. ಕ್ಯಾಮೆರಾ ಇಡೀ ಹೊತ್ತು ನೋಡುತ್ತಿರುತ್ತದೆ. ಅಕ್ಕರೆಯಿಂದ ಹಾಲು ತಂದುಕೊಟ್ಟರೂ ಅಲ್ಲಿ ಅನುಮಾನವಾಗಿ ದಾಖಲಾಗಬಹುದು.

ಮುಂದಿನ ಭೇಟಿಗೆ ಬಂದಾಗ ಆಕೆ ತಾನಾಗಿಯೇ ನೋಟುಬುಕ್ಕು ತೆರೆದು ಗೊಬ್ಬರದ ಲೆಕ್ಕ ತೋರಿಸಿದಳು. ಗೊಬ್ಬರದ ಖಾತೆಗೆ ಡೆಬಿಟ್, ಅಂಗಡಿಯವರ ಖಾತೆಗೆ ಕ್ರೆಡಿಟ್. ಅದರ ಕೆಳಗೆ ಮನೆಯ ಅಡಿಕೆ ಮಾರಾಟ, ಸೊಸೈಟಿಯ ಸಾಲದ ಕಂತು ಎಲ್ಲವನ್ನೂ ಅದೇ ರೀತಿ ಬರೆದಿದ್ದಳು. ಸೊಸೈಟಿಯ ಪಾಸ್‌ಬುಕ್ಕು ತೆಗೆದುಕೊಟ್ಟವರು ಅತ್ತೆಯಂತೆ. ಜೂನಿನ ಪರೀಕ್ಷೆಯಲ್ಲಿ ಹೊಸ ಮೂರೂ ವಿಷಯ ಪಾಸಾಯಿತು, ಹಳೆಯದರಲ್ಲಿ ಲೆಕ್ಕಶಾಸ್ತ್ರ ದಾಟಿತು, ಅಂಕಿಅಂಶದ ವಿಷಯ ಮತ್ತೆ ಉಳಿಯಿತು. ಗಂಡನಿಗೆ ಕೂಲಿಯ ಖರ್ಚಿನ ಬಗ್ಗೆ ಇನ್ನೂ ಸಮಾಧಾನವಿಲ್ಲ. ಅವನನ್ನೂ ಬರಲು ಹೇಳಿದ್ದೇನೆ, ಇನ್ನೂ ಬಂದಿಲ್ಲ.

ಈಗ ಆಕೆಗೆ ಅವಸರ ಹತ್ತಿದೆ. ಬರುವ ಸೆಮಿಸ್ಟರಿಗೆ ಐದೂ ಹೊಸ ವಿಷಯ, ಜೊತೆಗೆ ಬಾಕಿ ಉಳಿದದ್ದನ್ನೂ ಕಟ್ಟುತ್ತೇನೆ ಎನ್ನುತ್ತಾಳೆ. ಆ ಸೆಮಿಸ್ಟರಿನ ಪರೀಕ್ಷೆ ಕೊಯ್ಲಿನ ನಟ್ಟನಡುವೆ ಬರುತ್ತದೆ, ಬೇಡ ಎಂದೆ. ಅವಳಿಗೆ ಅದು ಹಿಡಿಸಲಿಲ್ಲ. ಪದವಿ ಮುಗಿಸಲು ಗರಿಷ್ಠ ಎಷ್ಟು ವರ್ಷ ಅವಕಾಶ ಇದೆ ಎಂದು ವಿಶ್ವವಿದ್ಯಾಲಯದ ಕೈಪಿಡಿಯಲ್ಲಿ ನೋಡಿಕೊಂಡು, ಆ ಪುಟವನ್ನು ಮುದ್ರಿಸಿ ತರಲು ಹೇಳಿ ಕಳಿಸಿದ್ದೇನೆ.