ಸಜೆಷನ್ ಬಾಕ್ಸ್ ಖಾಲಿ ಅಂದ್ರೆ ಹುಡುಗ್ರ ತಲೆ ಖಾಲಿ ಅಂತಲ್ಲ ಸರ್

ಪೀಣ್ಯದಲ್ಲಿ ಇಪ್ಪತ್ತು ಜನರ ಸಿಎನ್‌ಸಿ ಶಾಪ್ (ಕಂಪ್ಯೂಟರ್ ನಡೆಸೋ ಮಷಿನ್‌ನಲ್ಲಿ ಬಿಡಿಭಾಗ ಮಾಡೋ ಜಾಗ), ಪಕ್ಕದೋರು ರೇಟ್ ಇಳಿಸ್ತಿದಾರೆ, ಹೊಸ ಐಡಿಯಾ ಬರ್ಲಿ ಅಂತ ಸಜೆಷನ್ ಬಾಕ್ಸ್ ಇಟ್ರೆ ಒಂದು ಚೀಟಿನೂ ಬೀಳ್ತಿಲ್ಲ ಅಂದಿದೀರ. ಮೊದ್ಲು ಆ ಬಾಕ್ಸ್ ತೆಗ್ದಿಡಿ. ಟೊಯೋಟಾದವ್ರು 1951ರಲ್ಲೇ ಕೆಲಸಗಾರರಿಂದ ಐಡಿಯಾ ತಗೊಳೋ ಪದ್ಧತಿ ಶುರು ಮಾಡಿದ್ರು, ಅಂಥದ್ದು ನಡೆಯೋದು ಡಬ್ಬದಿಂದಲ್ಲ, ಹೇಳಿದ್ದಕ್ಕೆ ಬೇಗ ಉತ್ತರ ಸಿಗುತ್ತೆ ಅನ್ನೋ ನಂಬಿಕೆಯಿಂದ.

ಒಂದು ಕೇಳ್ತೀನಿ ಬೇಜಾರಾಗ್ಬೇಡಿ, ಆಪರೇಟರ್ ಒಬ್ಬ ಪೀಸ್ ಹಿಡ್ಕೊಳೋ ಫಿಕ್ಸ್ಚರ್‌ನಲ್ಲಿ ಏನೋ ಬದಲಾಯಿಸಿ ಸೆಟ್ಟಿಂಗ್ ಟೈಮ್, ಅಂದ್ರೆ ಹೊಸ ಕೆಲಸಕ್ಕೆ ಮಷಿನ್ ರೆಡಿ ಮಾಡೋ ಸಮಯ, 40 ನಿಮಿಷದಿಂದ 15ಕ್ಕೆ ಇಳಿಸಿದ ಅಂತಿಟ್ಕೊಳಿ, ಮಾರನೇ ದಿನ ಅವನ ಟಾರ್ಗೆಟ್ ಏರಿಸ್ತೀರಾ? ಏರಿಸೋದಾದ್ರೆ ಅವ್ನು ಯಾಕೆ ಬಾಯಿ ಬಿಡ್ತಾನೆ ಹೇಳಿ! ಎಷ್ಟೋ ಶಾಪಲ್ಲಿ ಒಳ್ಳೊಳ್ಳೆ ಟ್ರಿಕ್ಕೆಲ್ಲಾ ಆಪರೇಟರ್ ಹತ್ರನೇ ಉಳ್ಕೊಳುತ್ತೆ, ಓನರ್‌ಗೆ ಗೊತ್ತೇ ಇರಲ್ಲ. ಅದಕ್ಕೆ ಆರು ತಿಂಗಳು ಟಾರ್ಗೆಟ್ ಮುಟ್ಟಲ್ಲ, ಉಳಿದ ದುಡ್ಡಲ್ಲಿ ನಿಂಗೂ ಪಾಲು ಅಂತ ಎಲ್ರ ಮುಂದೆ ಹೇಳ್ಬಿಡಿ, ಹೇಳಿದ್ಮೇಲೆ ಕೊಡ್ಲೂಬೇಕು ಮತ್ತೆ.

ಆಮೇಲೆ ಶನಿವಾರ ಎರಡು ಗಂಟೆ ಒಂದು ಮಷಿನ್ ಟ್ರಯಲ್‌ಗೆ ಬಿಡಿ, ಪೀಸ್ ಸ್ಕ್ರ್ಯಾಪ್ ಆದ್ರೂ ಬೈಬೇಡಿ. ತ್ರೀಎಂ ಕಂಪನಿಯ ಪೋಸ್ಟ್-ಇಟ್ ಚೀಟಿ ಇದ್ಯಲ್ಲ, ಅದರ ಅಂಟು ಸಿಕ್ಕಿದ್ದು 1968ರಲ್ಲಿ, ಗಟ್ಟಿಯಾಗಿ ಹಿಡಿಯಲ್ಲ ಅಂತ ಏನಕ್ಕೆ ಬಳಸೋದು ಗೊತ್ತಾಗ್ದೆ ಬಿದ್ದಿತ್ತು, ಅಮೆರಿಕ ಪೂರ್ತಿ ಮಾರಾಟಕ್ಕೆ ಬಂದಿದ್ದು 1980ರಲ್ಲಿ. ನಮ್ಮಂಥೋರಿಗೆ ಅಷ್ಟು ಕಾಯೋಕಾಗಲ್ಲ ಬಿಡಿ, ಅದು ದೊಡ್ಡೋರ ಆಟ.

ಸೆಟ್ಟಿಂಗ್ ಟೈಮ್ ಇಳಿದ್ರೆ ಸಣ್ಣ ಸಣ್ಣ ಲಾಟ್ ಆರ್ಡರ್‌ನೂ ಧೈರ್ಯವಾಗಿ ತಗೋಬೋದು, ರೇಟ್ ಇಳಿಸ್ತಿರೋ ಪಕ್ಕದೋರು ಅದನ್ನ ಮುಟ್ಟೋದು ಡೌಟು. ಪೀಸ್ ರೇಟಾ ಇಲ್ಲ ತಿಂಗಳ ಸಂಬಳನಾ ನಿಮ್ಮಲ್ಲಿ? ಅದನ್ನೂ ಬರೀರಿ.