ಪಕ್ಕದಲ್ಲಿ ಬೋರ್ ಕೊರೆಸಿದರೆ ನಮ್ಮ ನೀರು ಎಷ್ಟು ಇಳಿಯುತ್ತೆ?

ಅಣ್ಣಾ, ನಿಮ್ಮ ಪ್ರಶ್ನೆ ಓದಿದೆ. ಪಕ್ಕದ ತೋಟದವರು ನಿಮ್ಮ ಬೋರಿನಿಂದ 200 ಅಡಿ ದೂರದಲ್ಲಿ ಪಾಯಿಂಟ್ ಮಾಡಿಸಿದ್ದಾರೆ, ನಿಮ್ಮ ಎರಡಿಂಚು ನೀರು ಉಳಿಯುತ್ತಾ, ಕಂಪ್ಯೂಟರಿನಲ್ಲಿ ಇದನ್ನು ಲೆಕ್ಕ ಹಾಕಬಹುದಾ ಅಂತ ಕೇಳಿದ್ದೀರಿ.

ಹಾಕಬಹುದು. ಮಾಡ್‌ಫ್ಲೋ ಅಂತ ಒಂದು ಪ್ರೋಗ್ರಾಂ ಇದೆ, ಪುಕ್ಕಟೆ ಸಿಗುತ್ತೆ. ಆದರೆ ಅದಕ್ಕೆ ಕೊಡಬೇಕಾದ ವಿವರ ನಮ್ಮ ಹತ್ತಿರ ಇರುವುದಿಲ್ಲ. ನಾಲ್ಕೆಕರೆ ತೋಟಕ್ಕೆ ಒಂದು ಹಾಳೆ, ಒಂದು ವಾಚು ಸಾಕು.

ಮೊದಲು ಇಂಚಿನ ವಿಷಯ. ವಿ-ನಾಚ್ ಹಲಗೆಯಲ್ಲಿ (V ಆಕಾರದ ಕಚ್ಚಿನಲ್ಲಿ ಹರಿಯುವ ನೀರಿನ ಎತ್ತರ ನೋಡುವ ಹಲಗೆ) ಒಂದಿಂಚು ಅಂದರೆ ಗಂಟೆಗೆ ಸುಮಾರು 500 ಲೀಟರ್, ಎರಡಿಂಚು ಅಂದರೆ ಸುಮಾರು 2,900 ಲೀಟರ್. ಎರಡರಷ್ಟಲ್ಲ, ಐದೂವರೆ ಪಟ್ಟಿಗೂ ಜಾಸ್ತಿ! ಅದಕ್ಕೇ ಇಂಚು ಬಿಟ್ಟು ಡ್ರಮ್ ಇಟ್ಟು ಅಳೆಯಿರಿ. ಇನ್ನೊಂದು ಮಾತು, ಕೊರೆದ ದಿನ ರಿಗ್ಗಿನವರು ಹೇಳಿದ ಇಂಚು ಆ ಒಂದು ಗಂಟೆಯ ಲೆಕ್ಕ. ಏಪ್ರಿಲ್‌ನಲ್ಲಿ ಏನಾಗುತ್ತೆ ಅಂತ ಅದು ಹೇಳುವುದಿಲ್ಲ.

ಮೋಟಾರ್ ಓಡುತ್ತಿದ್ದರೆ ಬೋರಿನ ಸುತ್ತ ನೀರಿನ ಮಟ್ಟ ಲಾಳಿಕೆ ಥರ ಕುಸಿಯುತ್ತೆ. ಹೊಸ ನೀರು ಸಿಗುವ ತನಕ ಆ ಲಾಳಿಕೆ ಅಗಲ ಆಗುತ್ತಲೇ ಹೋಗುತ್ತೆ. ಒಲೆ ಮೇಲಿನ ಬಾಣಲೆಯಲ್ಲಿ ಕಬ್ಬಿಣದ ಸೌಟು ಬಿಟ್ಟರೆ ಬಿಸಿ ನಿಧಾನಕ್ಕೆ ಹಿಡಿಕೆಗೆ ಬರುತ್ತಲ್ವಾ, ಹಾಗೆ. ಸುಮ್ನೆ ಹೋಲಿಕೆ ಅಲ್ಲ ಇದು. 1935ರಲ್ಲಿ ಅಮೆರಿಕದ ಚಾರ್ಲ್ಸ್ ಥೈಸ್ ಬಿಸಿ ಹರಡುವ ಲೆಕ್ಕವನ್ನೇ ತಂದು ಬಾವಿಗೆ ಹಾಕಿದರು. ಅದರಿಂದ ಬಂದ ಸುಲಭ ಸೂತ್ರ ಇದು: 10ನೇ ನಿಮಿಷದಿಂದ 100ಕ್ಕೆ ನೀರು ಎಷ್ಟು ಇಳಿಯುತ್ತೋ, 100ರಿಂದ 1,000ಕ್ಕೂ ಅಷ್ಟೇ ಇಳಿಯುತ್ತೆ.

ಈಗ ಅಳೆಯುವುದು ಹೇಗೆ ಅಂದರೆ, ಎರಡೆಳೆಯ ತೆಳು ವೈರ್ ತಗೊಳ್ಳಿ. ತುದಿಯಲ್ಲಿ ತಾಮ್ರ ಒಂದಕ್ಕೊಂದು ತಾಗದಂತೆ ಬಿಚ್ಚಿಡಿ, ಮೀಟರಿಗೊಂದು ಗುರುತು ಹಾಕಿ, ಮೇಲೆ ಮಲ್ಟಿಮೀಟರ್ ಸಿಕ್ಕಿಸಿ. ನೀರು ಮುಟ್ಟಿದ ತಕ್ಷಣ ಮುಳ್ಳು ಅಲ್ಲಾಡುತ್ತೆ. ವೈರನ್ನು ನೇರ ಬೋರಿಗೆ ಬಿಡಬೇಡಿ. ನನ್ನದು ಮೋಟಾರ್ ಕೇಬಲ್ಲಿಗೆ ಸುತ್ತಿಕೊಂಡು 40 ಮೀಟರ್ ಅಲ್ಲೇ ಉಳಿಯಿತು, ಮನೆಯಲ್ಲಿ ಇನ್ನೂ ಆಡಿಕೊಳ್ಳುತ್ತಾರೆ. ಮುಂದಿನ ಸಲ ಪಂಪ್ ಎತ್ತಿದಾಗ ಪಕ್ಕದಲ್ಲೇ ಒಂದು ಅರ್ಧ ಇಂಚಿನ ಪೈಪ್ ಇಳಿಸಿ, ಅದರೊಳಗೆ ಬಿಡಿ.

ಮೋಟಾರ್ ಓಡಿಸುತ್ತಾ ವಾಚು ನೋಡಿ ಮಟ್ಟ ಅಳೆಯುವುದೇ ಪರೀಕ್ಷೆ. ಅದರ ಹಿಂದಿನ ದಿನದಿಂದ ಮೋಟಾರ್ ನಿಲ್ಲಿಸಿರಬೇಕು. ಅಕ್ಕಪಕ್ಕದ ಬೋರುಗಳೂ ಅಷ್ಟೇ. ತೊಡಕು ಇರುವುದು ಇಲ್ಲೇ. ತ್ರೀ ಫೇಸ್ ಬಂದ ಕೂಡಲೇ ಎಲ್ಲರ ಆಟೋ ಸ್ಟಾರ್ಟರೂ ಒಟ್ಟಿಗೆ ಎದ್ದರೆ ಯಾರಿಂದ ಎಷ್ಟು ಇಳಿಯಿತು ಗೊತ್ತಾಗಲ್ಲ. ಒಂದು ದಿನ ಆಫ್ ಮಾಡಿ ಅಂತ ಕಾಫಿ ಕುಡಿಸಿ ಕೇಳಿ.

ನನ್ನ ಬೋರಿನ ಅಂಕಿ ಹೇಳುತ್ತೇನೆ. 200 ಲೀಟರ್ ಡ್ರಮ್ 160 ಸೆಕೆಂಡಿಗೆ ತುಂಬಿತು. ದಿನಪೂರ್ತಿ ಓಡಿದರೆ 108 ಘನ ಮೀಟರ್. ಮೊದಲ ಅರ್ಧ ಗಂಟೆಯ ಅಳತೆ ಬಿಟ್ಟುಬಿಟ್ಟೆ. ಆರೂವರೆ ಇಂಚಿನ ಬೋರಿನಲ್ಲಿ ಮೀಟರಿಗೆ 21 ಲೀಟರ್ ನಿಂತಿರುತ್ತೆ, ಮೊದಲು ಖಾಲಿಯಾಗುವುದು ಅದೇ. ನೀರು 30ನೇ ನಿಮಿಷಕ್ಕೆ 31 ಮೀಟರ್, 300ನೇ ನಿಮಿಷಕ್ಕೆ 35 ಮೀಟರ್ ಆಳದಲ್ಲಿತ್ತು. ಹತ್ತು ಪಟ್ಟು ಹೊತ್ತಿಗೆ 4 ಮೀಟರ್ ಇಳಿತ. 108ನ್ನು 0.183ರಿಂದ (ಇದು ಸೂತ್ರದ ಸ್ಥಿರ ಅಂಕಿ) ಗುಣಿಸಿ 4ರಿಂದ ಭಾಗಿಸಿದರೆ ಸುಮಾರು 5 ಬರುತ್ತೆ. ಬಂಡೆ ನೀರನ್ನು ಎಷ್ಟು ಸಲೀಸಾಗಿ ಬಿಡುತ್ತೆ ಅನ್ನುವುದರ ಅಳತೆ ಇದು.

ಇದೇ ಥರದ ನೆಲದಲ್ಲಿ 200 ಅಡಿ ದೂರಕ್ಕೆ ಇನ್ನೊಂದು ಅಷ್ಟೇ ನೀರಿನ ಬೋರ್ ಬಂತು ಅನ್ನಿ. ಅದು ಬಿಡದೆ ಓಡಿದರೆ ಬಿಸಿ ನಮಗೆ ಸರಿಯಾಗಿ ತಟ್ಟಲು ಬಿರುಕಿನ ನೀರಾದರೆ ಸುಮಾರು 8 ಗಂಟೆ, ಮೇಲಿನ ಸವೆದ ಪದರದ ನೀರಾದರೆ ಸುಮಾರು 3 ದಿನ. ದೂರ ಎರಡರಷ್ಟಾದರೆ ಹೊತ್ತು ನಾಲ್ಕರಷ್ಟು. ದಿನಕ್ಕೆ 6 ಗಂಟೆ ಪ್ರಕಾರ ಬೇಸಿಗೆಯ 100 ದಿನ ಓಡಿಸಿದರೆ ನಮ್ಮ ಮಟ್ಟ ಒಂದೂವರೆಯಿಂದ ಎರಡೂವರೆ ಮೀಟರ್ ಹೆಚ್ಚಿಗೆ ಇಳಿಯುತ್ತೆ. ಅಂದರೆ ಐದರಿಂದ ಎಂಟು ಅಡಿ. ನಮ್ಮ ಮೋಟಾರಿನಿಂದ ಆಗುವ ಇಳಿತಕ್ಕೆ ಇದನ್ನು ಕೂಡಿಸಿ.

ಎಂಟಡಿ ತಾನೇ ಅನ್ನಬೇಡಿ. ನಿಮ್ಮ ಮುಖ್ಯ ಬಿರುಕು ಆ ಎಂಟಡಿಯೊಳಗೇ ಇದ್ದರೆ ಮಟ್ಟ ಅದರ ಕೆಳಗೆ ಹೋದ ದಿನ ನೀರು ದಬಕ್ಕನೆ ಕಡಿಮೆಯಾಗುತ್ತೆ. ಕೊರೆಸುವಾಗ ಎಷ್ಟಡಿಯಲ್ಲಿ ನೀರು ಸಿಕ್ಕಿತು ಅಂತ ಬರೆದಿಟ್ಟಿದ್ದರೆ ಈಗ ತೆಗೆದು ನೋಡಿ.

ಥೈಸ್ ಲೆಕ್ಕ ಒಂದೇ ಸಮನಾದ ಮರಳಿನಂಥ ನೆಲಕ್ಕೆ ಮಾಡಿದ್ದು. ನಮ್ಮದು ಬಂಡೆ. ಇಬ್ಬರ ಬೋರೂ ಒಂದೇ ಬಿರುಕಿಗೆ ಸೇರಿದ್ದರೆ ಗಂಟೆಯೊಳಗೇ ಗೊತ್ತಾಗುತ್ತೆ, ಬೇರೆ ಬೇರೆ ಆಗಿದ್ದರೆ ವರ್ಷವಾದರೂ ಏನೂ ಆಗದಿರಬಹುದು. ಹಾಳೆಯಲ್ಲಿ 1, 10, 100, 1,000 ನಿಮಿಷಗಳನ್ನು ಸಮ ಅಂತರದಲ್ಲಿ ಬರೆದು ಆಯಾ ಹೊತ್ತಿನ ನೀರಿನ ಆಳವನ್ನು ಗುರುತು ಹಾಕುತ್ತಾ ಹೋಗಿ. ಗೆರೆ ನೇರ ಇದ್ದರೆ ಈ ಲೆಕ್ಕ ನಡೆಯುತ್ತೆ. ನಡುವೆ ಇಳಿಜಾರು ಎರಡರಷ್ಟಾದರೆ ಎಲ್ಲೋ ಕರಿಕಲ್ಲಿನ ಡೈಕ್ (ನೆಲದೊಳಗೆ ಗೋಡೆಯಂತೆ ನಿಂತ ಕಲ್ಲಿನ ಪಟ್ಟಿ) ಅಡ್ಡ ಇರಬಹುದು. ಮಟ್ಟಸವಾದರೆ ಕೆರೆಯದೋ ಹಳ್ಳದ್ದೋ ನೀರು ಬಂದು ಸೇರುತ್ತಿದೆ.

ಇದನ್ನೆಲ್ಲ ರಿಗ್ ಬರುವ ಮೊದಲೇ ಮಾಡಿ, ಅವರ ಬೋರ್ ಶುರುವಾದ ಮೇಲೆ ಇನ್ನೊಮ್ಮೆ ಮಾಡಿ. ಮೊದಲಿನ ಗೆರೆ ಇಲ್ಲದಿದ್ದರೆ ಆಮೇಲೆ ಯಾವುದಕ್ಕೆ ಹೋಲಿಸುತ್ತೀರಿ? ಅಂಕಿಗಳನ್ನು ಇಲ್ಲಿ ಹಾಕಿ, ಕೂತು ನೋಡೋಣ.