ದೇವಿಮನೆ ಘಟ್ಟ ಇಳಿಯುವ ಗಾಡಿಗೆ ಎಷ್ಟು ಚೀಲ?

ನಾಯ್ಕರೇ, ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾದ ತೋಟಕ್ಕೆ 30 ಚೀಲ ಕೋಳಿ ಗೊಬ್ಬರ, ಚೀಲಕ್ಕೆ 50 ಕೆಜಿ, ಟಾಟಾ ಏಸ್‌ನಲ್ಲಿ ಒಂದೇ ಟ್ರಿಪ್. ಚೀಲದ ಮೇಲೆ ಮೂರು ಆಳು. ಡ್ರೈವರ್ "ಆರಾಮ ಎಳೀತದೆ" ಅಂದಿದ್ದಾನೆ, ಹಿಡಿದರೆ ದಂಡ ಎಷ್ಟು ಅಂತ ಕೇಳಿದ್ದೀರಿ.

ಎಳೆಯುತ್ತದೆ, ಅದರಲ್ಲಿ ಸುಳ್ಳಿಲ್ಲ. ನಿಲ್ಲುತ್ತದಾ ಅಂತ ಕೇಳಿದ್ರಾ?

ದಂಡದ್ದು ಮೊದಲು ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯಿದೆಯ 194ನೇ ಸೆಕ್ಷನ್ 2019ರ ಸೆಪ್ಟೆಂಬರ್ 1ರಿಂದ ಬಿಗಿಯಾಗಿದೆ. ತೂಕ ಜಾಸ್ತಿ ಇದ್ದರೆ 20,000 ರೂಪಾಯಿ, ಮೇಲೆ ಹೆಚ್ಚಾದ ತೂಕಕ್ಕೆ ಟನ್ನಿಗೆ 2,000. ಜಾಸ್ತಿ ಮಾಲು ಇಳಿಸುವ ತನಕ ಗಾಡಿ ಬಿಡುವುದಿಲ್ಲ, ಇಳಿಸುವ ಖರ್ಚೂ ನಿಮ್ಮ ಕಡೆಯದೇ. ತೂಕಕ್ಕೆ ನಿಲ್ಲಿಸದೆ ಹೋದರೆ 40,000. ಓಡಿಸಿದವನಷ್ಟೇ ಅಲ್ಲ, ಓಡಿಸಲು ಬಿಟ್ಟವರೂ ಸಿಕ್ಕಿಬೀಳುತ್ತಾರೆ. ಬಾಡಿಗೆ ಗಾಡಿ, ನನಗೇನು ಅನ್ನುವ ಹಾಗಿಲ್ಲ.

ಈಗ ಲೆಕ್ಕ ನೋಡಿ. ಏಸ್‌ಗೆ ಮಾಲು ಸುಮಾರು 750 ಕೆಜಿ. ಮಾಡೆಲ್ ಮೇಲೆ ಸ್ವಲ್ಪ ಹೆಚ್ಚುಕಮ್ಮಿ ಆಗುತ್ತದೆ, ಆರ್‌ಸಿಯಲ್ಲಿ ಖಾಲಿ ತೂಕ, ಒಟ್ಟು ತೂಕ ಎರಡೂ ಇರುತ್ತವೆ, ಕಳೆದರೆ ಗೊತ್ತಾಗುತ್ತದೆ. ನೀವು ಹೇರುವುದು 1,500 ಕೆಜಿ, ಅಂದರೆ ಡಬಲ್. ಅದೂ ಗೊಬ್ಬರ ಒಣಗಿದ್ದರೆ. ಹಸಿ ಇದ್ದರೆ 50ರ ಚೀಲ ಸುಲಭವಾಗಿ 60 ತೂಗುತ್ತದೆ.

ನಾನೂ ಒಮ್ಮೆ ಇದೇ ಹುಚ್ಚು ಮಾಡಿದ್ದೆ. ಇದೇ ಗೊಬ್ಬರ, ಇದೇ ಘಟ್ಟ. ದೇವಿಮನೆ ದೇವಸ್ಥಾನದ ಎದುರು ಕೈ ಮುಗಿದು ಇಳಿಯಲು ಶುರು ಮಾಡಿದೆವು. ಡ್ರೈವರ್ ಡೀಸೆಲ್ ಉಳಿಸುವ ಆಸೆಗೆ ದೊಡ್ಡ ಗೇರಿನಲ್ಲೇ, ಬ್ರೇಕ್ ಒತ್ತುತ್ತಾ ಬಂದ. ನಾಲ್ಕೈದು ತಿರುವು ಕಳೆದ ಮೇಲೆ ಸುಟ್ಟ ರಬ್ಬರಿನ ಹಾಗೆ ವಾಸನೆ. ಗೊಬ್ಬರದ ನಾತದ ನಡುವೆಯೂ ಮೂಗಿಗೆ ಬಡಿಯಿತು. ಇನ್ನೆರಡು ತಿರುವಿಗೆ ಪೆಡಲ್ ಮೆತ್ತಗಾಯಿತು, ಕೆಸರಿನಲ್ಲಿ ಕಾಲಿಟ್ಟ ಹಾಗೆ. ಅವನು ಹೇಗೋ ಸೆಕೆಂಡ್ ಗೇರಿಗೆ ಹಾಕಿ, ಎಡಗಡೆ ಗುಡ್ಡದ ಮಣ್ಣಿಗೆ ಗಾಡಿ ಒರಗಿಸಿ ನಿಲ್ಲಿಸಿದ. ಹಿಂದಿನ ಚಕ್ರದಲ್ಲಿ ಹೊಗೆ. ನಾನು ಬಾಟಲಿ ನೀರು ಸುರಿಯಲು ಹೋದೆ, ಅವನು ಕೈ ಹಿಡಿದ. ಕಾದ ಬ್ರೇಕ್ ಡ್ರಮ್ಮಿಗೆ ತಣ್ಣೀರು ಬಿದ್ದರೆ ಒಡೆಯಬಹುದಂತೆ. ಗಂಟೆಗೂ ಜಾಸ್ತಿ ಸುಮ್ನೆ ಕೂತೆವು.

ಆಗಿದ್ದು ಇಷ್ಟೇ. ಇಳಿಜಾರಿನಲ್ಲಿ ಗಾಡಿಯ ತೂಕವನ್ನೆಲ್ಲ ಬ್ರೇಕು ಶಾಖ ಮಾಡಿ ಹೊರಹಾಕಬೇಕು. ತೂಕ ಹೆಚ್ಚಿದಷ್ಟೂ ಶಾಖ ಹೆಚ್ಚು. ಡ್ರಮ್ ಕಾದು ಹಿಗ್ಗುತ್ತದೆ, ಅದರೊಳಗೆ ಒತ್ತುವ ಲೈನರ್ ಹಿಡಿತ ಬಿಡುತ್ತದೆ, ಬ್ರೇಕ್ ಆಯಿಲ್ ಕುದಿಯುತ್ತದೆ. ಆಮೇಲೆ ಎಷ್ಟು ಒತ್ತಿದರೂ ಅಷ್ಟೇ. "ಸ್ಪ್ರಿಂಗಿಗೆ ಎಕ್ಸ್‌ಟ್ರಾ ಪ್ಲೇಟ್ ಹಾಕಿಸಿದ್ದೇನೆ" ಅಂತ ಡ್ರೈವರ್ ಹೇಳಿದರೆ ನಂಬಬೇಡಿ. ಪ್ಲೇಟ್ ಹಾಕಿಸಿದರೆ ಗಾಡಿ ಕೂರುವುದಿಲ್ಲ, ಸರಿ. ಬ್ರೇಕು ಮಾತ್ರ ಹಳೆಯದೇ, ಆರ್‌ಸಿಯ ತೂಕವೂ ಅದೇ. ಮಾಲು ಹಿಂದಕ್ಕೆ ವಾಲಿದರಂತೂ ಮುಂದಿನ ಚಕ್ರ ಹಗುರವಾಗಿ ಸ್ಟೇರಿಂಗ್ ಮಾತು ಕೇಳುವುದಿಲ್ಲ.

ಚೀಲದ ಮೇಲೆ ಆಳು ಕೂರಿಸುವುದು ಮಾತ್ರ ಬೇಡವೇ ಬೇಡ. 2025ರ ಜನವರಿ 22ರ ಬೆಳಗಿನ ಜಾವ ಯಲ್ಲಾಪುರ ತಾಲೂಕಿನಲ್ಲಿ ಲಾರಿ ಕಂದಕಕ್ಕೆ ಬಿದ್ದಿದ್ದು ನೆನಪಿದೆಯಲ್ವಾ? ನಿಮ್ಮ ಕುಮಟಾ ಸಂತೆಗೇ ಹೊರಟಿದ್ದರು. ಹಣ್ಣು, ತರಕಾರಿ ಜೊತೆ ಕೂತು ಬರುತ್ತಿದ್ದ ಸವಣೂರು ಕಡೆಯ ವ್ಯಾಪಾರಿಗಳಲ್ಲಿ 10 ಜನ ತೀರಿಹೋದರು. ಸರಕಿನ ಗಾಡಿಗೆ ಪುಕ್ಕಟೆ ಹತ್ತಿಸಿಕೊಂಡವರಿಗೆ ವಿಮಾ ಕಂಪನಿ ಪರಿಹಾರ ಕೊಡಬೇಕಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಮಾಲಿನ ಯಜಮಾನ ಅಥವಾ ಅವನ ಕಡೆಯವನು ಜೊತೆಗೆ ಹೋದರೆ ಅದು ಬೇರೆ ಮಾತು.

ನಾನಾದರೆ 1.7 ಟನ್ ಮಾಲು ಹೊರುವ ಪಿಕಪ್ ಹೇಳುತ್ತೇನೆ. ಬಾಡಿಗೆ ಜಾಸ್ತಿ ಆಗುತ್ತದೆ, ಆಗಲಿ. ಹೇರುವ ಮೊದಲು ನಾಲ್ಕು ಚೀಲ ತೂಗಿಸಿ. 60ರ ಹತ್ತಿರ ಬಂದರೆ ಪಿಕಪ್‌ಗೂ 30 ಚೀಲ ಜಾಸ್ತಿಯೇ, 25ಕ್ಕೆ ನಿಲ್ಲಿಸಿ. ಏಸೇ ಆಗಬೇಕು ಅಂದರೆ 12 ಚೀಲದಂತೆ ಟ್ರಿಪ್ ಮಾಡಿಸಿ. ದೇವಿಮನೆಯಲ್ಲೇ ಗೇರ್ ಇಳಿಸಿ ಘಟ್ಟದ ಬುಡದ ಕತಗಾಲದವರೆಗೆ ಇಂಜಿನ್ ಹಿಡಿತದಲ್ಲೇ ಬರಲು ಡ್ರೈವರಿಗೆ ಹೇಳಿ. ನ್ಯೂಟ್ರಲ್ ಮಾಡಿದರೆ ಬಾಡಿಗೆ ಇಲ್ಲ ಅನ್ನಿ.

ಆಳುಗಳಿಗೆ ಬಸ್ ಚಾರ್ಜು ಕೊಡಿ. ಚೀಲ ಇಳಿಸುವ ಹೊತ್ತಿಗೆ ತೋಟದಲ್ಲಿದ್ದರೆ ಸಾಕಲ್ವಾ?